ಓದಿ ಹೇಳುವವನ ಲಂಚ

ಕಾಸರಗೋಡಿನ ಓದುಗರಿಗಾಗಿ ಬರೆಯಲು ಕುಳಿತಾಗ ಸೊಲ್ಲಾಪುರದವನಾದ ನನಗೆ ಮೊದಲು ನೆನಪಾಗುವುದು 1967ರ ಮಹಾಜನ ಆಯೋಗದ ವರದಿ. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಿಮ್ಮ ನಾಡು, ನಮ್ಮ ಇಡೀ ಅಕ್ಕಲಕೋಟೆ ತಾಲೂಕು, ದಕ್ಷಿಣ ಸೊಲ್ಲಾಪುರ ಮತ್ತು ಜತ್ತ ತಾಲೂಕುಗಳ ಅನೇಕ ಹಳ್ಳಿಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಆ ಒಂದೇ ವರದಿ ಹೇಳಿತ್ತು. ನೀವೂ ಸೇರಲಿಲ್ಲ, ನಾವೂ ಸೇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದಿದ್ದರೂ ಒಂದೇ ಕಪಾಟಿನ ಧೂಳನ್ನು ಹಂಚಿಕೊಂಡವರು ನಾವು. ಆ ಹಳೆಯ ವ್ಯಾಜ್ಯವನ್ನು ಇಲ್ಲಿ ಕೆದಕುವ ಉದ್ದೇಶ ನನಗಿಲ್ಲ. ನಿಮಗೂ ನಮಗೂ ದಿನನಿತ್ಯ ಎದುರಾಗುವ ಒಂದು ಸಣ್ಣ ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಸರಕಾರದ ಕಾಗದ ಮನೆಮಾತಲ್ಲದ ಮಾತಿನಲ್ಲಿ ಬಂದಾಗ ಅದನ್ನು ಓದಿ ಹೇಳುವವನು ಯಾರು? ಓದಿ ಹೇಳಿದ್ದಕ್ಕೆ ಅವನು ಪಡೆಯುವುದೇನು?

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಲಂಚದ ವಿಷಯವನ್ನು ಯೋಚಿಸುತ್ತಿದ್ದಾಗ. ಲಂಚದ ಬಗ್ಗೆ ನನಗೊಂದು ಜಂಬವಿತ್ತು ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. 1994ರಲ್ಲಿ ನಮ್ಮ ತಂದೆ ತೀರಿಕೊಂಡರು. ಏಳೆಕರೆ ಹೊಲದ ಉತಾರದಲ್ಲಿ ಅವರ ಹೆಸರು ತೆಗೆದು ವಾರಸುದಾರರ ಹೆಸರು ಹಾಕಿಸಬೇಕಿತ್ತು. ನಿಮ್ಮಲ್ಲಿ ಪೋಕ್ಕುವರವು ಎನ್ನುವುದನ್ನು ನಮ್ಮಲ್ಲಿ ಫೇರಫಾರ ಎನ್ನುತ್ತಾರೆ. ಹೊಲದ ಪಹಣಿಗೆ ನಮ್ಮಲ್ಲಿ ಸಾತಬಾರಾ ಎಂದು ಹೆಸರು. ಗ್ರಾಮ ನಮೂನೆ 7 ಮತ್ತು 12 ಎರಡನ್ನೂ ಸೇರಿಸಿ ಮಾಡಿದ ಕಾಗದವಾದ್ದರಿಂದ ಆ ಹೆಸರು. ಯಾವ ಊರು, ಯಾವ ಕಚೇರಿ ಎಂಬುದು ಬೇಡ. ಅಲ್ಲಿದ್ದವರು ಇನ್ನೂರು ರೂಪಾಯಿ ಕೇಳಿದರು. ನಾನು ಕನ್ನಡ ಶಾಲೆಯ ಮಾಸ್ತರ. ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸುವವನು. ಕೊಡುವುದಿಲ್ಲ ಎಂದೆ. ಹದಿನಾಲ್ಕು ತಿಂಗಳು ಸೈಕಲ್ ತುಳಿದೆ. "ಇನ್ನೂರು ರೂಪಾಯಿಗಿಂತ ಹೆಚ್ಚು ಚಪ್ಪಲಿನೇ ಸವದುವು" ಎಂದು ಮನೆಯವಳು ನಕ್ಕಳು. ಕೊನೆಗೂ ಕೊಡದೆಯೇ ಕೆಲಸವಾಯಿತು. ಆ ಕಥೆಯನ್ನು ನಾನು ನಿವೃತ್ತನಾಗುವವರೆಗೂ ಪ್ರತಿ ವರ್ಷ ಏಳನೆಯ ಇಯತ್ತೆಯ ಮಕ್ಕಳಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ಸ್ವಲ್ಪ ಉದ್ದವೂ ಆಗಿರಬೇಕು.

ಇಂಥ ನನಗೆ ಕಂಪ್ಯೂಟರು ಬಂದದ್ದು ದೇವರು ಬಂದಷ್ಟೇ ಸಂತೋಷವಾಯಿತು. ಮೊದಲು ನೋಡಿದ್ದು ಗಡಿಯಾಚೆ, ಹೆಂಡತಿಯ ತವರಾದ ಆಳಂದ ತಾಲೂಕಿನಲ್ಲಿ. ಕರ್ನಾಟಕ ಸರಕಾರ ಆಗ ಭೂಮಿ ಎಂಬ ಯೋಜನೆಯನ್ನು ತಂದಿತ್ತು. ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರವರ ಚೀಲಗಳಲ್ಲಿ, ಕೆಲವೊಮ್ಮೆ ಅವರವರ ಮನೆಗಳಲ್ಲಿ ಇರುತ್ತಿದ್ದ ಸುಮಾರು 2 ಕೋಟಿ ಪಹಣಿಗಳನ್ನು 177 ತಾಲೂಕು ಕೇಂದ್ರಗಳ ಕಂಪ್ಯೂಟರಿಗೆ ಏರಿಸಿದರು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿ ಇನ್ನು ನಡೆಯದು ಎಂದು ಹೇಳಿದ್ದರಿಂದ ಹಳೆಯ ಬಾಗಿಲೂ ಮುಚ್ಚಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕು, ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಹೋಗಲು ಯಂತ್ರ ಒಪ್ಪುವುದಿಲ್ಲ. ನೌಕರ ತನ್ನ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಆಮೇಲೆ 'ನಾನಲ್ಲ ಮಾಡಿದ್ದು' ಎನ್ನುವಂತಿಲ್ಲ. ಇವೆಲ್ಲ ಒಳ್ಳೆಯವೇ. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಬೇರೆಯೇ ಒಂದು. ಕಿಂಡಿಯಲ್ಲಿ ಎರಡು ಪರದೆ ಇದ್ದುವು. ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ ಮುಖ ಮಾಡಿತ್ತು. ನನ್ನ ಮಾವನವರು ಆ ಪರದೆಯಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಓದಿ, ಅಪ್ಪನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದು ನಿಂತ ಜಾಗದಲ್ಲೇ ತಗಾದೆ ತೆಗೆದರು. ಸರಕಾರಿ ಕಚೇರಿಯಲ್ಲಿ ಒಬ್ಬ ರೈತ ಅಕ್ಷರದ ಬಗ್ಗೆ ಜಗಳವಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಮ್ಮ ಮಹಾರಾಷ್ಟ್ರವೂ ಹಿಂದೆ ಬೀಳಲಿಲ್ಲ. 2018ರಿಂದ ಡಿಜಿಟಲ್ ಸಹಿಯುಳ್ಳ ಸಾತಬಾರಾ ಬಂದಿದೆ. ಅದಕ್ಕೂ 15 ರೂಪಾಯಿಯೇ. ಮನೆಯಲ್ಲಿ ಕುಳಿತು ಪಡೆಯಬಹುದು, ತಲಾಠಿಯ ಮನೆ ಕಾಯಬೇಕಿಲ್ಲ. (ಈಗ ತಲಾಠಿಗೆ ಗ್ರಾಮ ಮಹಸೂಲ ಅಧಿಕಾರಿ ಎಂಬ ಹೊಸ ಹೆಸರು ಬಂದಿದೆ, ಊರಲ್ಲಿ ಯಾರೂ ಹಾಗೆ ಕರೆಯುವುದಿಲ್ಲ.) ಇನ್ನೊಂದು ಏರ್ಪಾಡಿನ ಹೆಸರು 'ಆಪಲಿ ಚಾವಡಿ', ಎಂದರೆ ನಮ್ಮ ಚಾವಡಿ. ನಿಮ್ಮ ಕಡೆ ಚಾವಡಿ ಎಂದರೆ ಮನೆಯ ಮುಂಭಾಗ. ನಮ್ಮ ಕಡೆ ಊರ ಕಾರಭಾರ ನಡೆಯುವ ಜಾಗ. ಮಹಾರಾಷ್ಟ್ರದ 1966ರ ಭೂಕಂದಾಯ ಸಂಹಿತೆಯ 150ನೆಯ ಕಲಮಿನಂತೆ, ಫೇರಫಾರದ ನೋಂದು ಮಾಡಿದಾಗ ಅದರ ಪೂರ್ಣ ನಕಲನ್ನು ಚಾವಡಿಯಲ್ಲಿ ಕಣ್ಣಿಗೆ ಬೀಳುವಲ್ಲಿ ಅಂಟಿಸಬೇಕು, ಸಂಬಂಧಪಟ್ಟವರಿಗೆಲ್ಲ ಲಿಖಿತ ಸೂಚನೆ ಕೊಡಬೇಕು. ತಕರಾರು ಇದ್ದವರು 15 ದಿನಗಳೊಳಗೆ ಹೇಳಬೇಕು. ಈ ಅಂಟಿಸುವ ಕೆಲಸವೇ ಈಗ ಪರದೆಯ ಮೇಲೂ ಬಂದಿದೆ. ಪುಣೆಯಲ್ಲಿ ಕುಳಿತವನೂ ತನ್ನ ಊರ ಚಾವಡಿಯ ಗೋಡೆಯನ್ನು ನೋಡಬಹುದು.

ಹಳೆಯ ಚಾವಡಿಯನ್ನು ಹೊಗಳಲಾರೆ. ಅಂಟಿಸಿದ್ದೇವೆ ಎಂದು ಬರೆದು ಅಂಟಿಸದೆ ಇಟ್ಟದ್ದನ್ನು ಕಂಡಿದ್ದೇನೆ. ಹೆಂಗಸರು ಆ ಕಟ್ಟೆ ಹತ್ತುತ್ತಲೇ ಇರಲಿಲ್ಲ. ಆದರೂ ಒಂದು ಮಾತು ಹೇಳಬೇಕು. ಮರಾಠಿಯಲ್ಲಿದ್ದ ಆ ಕಾಗದವನ್ನು ಕೋತವಾಲ ಓದಿಸಿಕೊಂಡು ಬಂದು ಓಣಿಯಲ್ಲಿ ಕನ್ನಡದಲ್ಲಿ ಕೂಗುತ್ತಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ, ನೆನಪಿಡಲು ಬರುತ್ತಿತ್ತು. ಹತ್ತು ಜನರ ಎದುರಿಗೆ ಕೂಗಿದ್ದರಿಂದ ತಪ್ಪಿದರೆ ಹತ್ತು ಜನ ತಿದ್ದುತ್ತಿದ್ದರು.

ಇನ್ನು ಹೊರದೇಶದ ಮಾತು. ಮಗಳ ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಬಂದಾಗ ಎಸ್ಟೋನಿಯಾ ಎಂಬ ದೇಶದ ಬಗ್ಗೆ ಹೇಳಿದ. ಬಾಲ್ಟಿಕ್ ಸಮುದ್ರದ ದಂಡೆಯ ಸಣ್ಣ ರಾಜ್ಯ. ಜನಸಂಖ್ಯೆ ಸುಮಾರು 13 ಲಕ್ಷ. 2011ರ ಗಣತಿಯಲ್ಲಿ ನಿಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇದ್ದಷ್ಟೇ ಜನ ಎಂದುಕೊಳ್ಳಿ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡಾಗ ಕೈಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. 2001ರಲ್ಲಿ ಸರಕಾರದ ಬೇರೆ ಬೇರೆ ದಫ್ತರಗಳನ್ನು ಒಂದಕ್ಕೊಂದು ಜೋಡಿಸುವ ಎಕ್ಸ್-ರೋಡ್ ಎಂಬ ವ್ಯವಸ್ಥೆ ಮಾಡಿಕೊಂಡರು. ಮರುವರ್ಷ ಪ್ರಜೆಗಳಿಗೆ ಗುರುತಿನ ಚೀಟಿ ಕೊಟ್ಟರು. 2005ರಿಂದ ಮನೆಯಲ್ಲಿ ಕುಳಿತು ಮತ ಹಾಕುತ್ತಾರೆ.

ಇಷ್ಟೇ ಆಗಿದ್ದರೆ ನಾನು ಆಕಳಿಸುತ್ತಿದ್ದೆ. ಅವನು ಮುಂದೆ ಹೇಳಿದ್ದು ನನ್ನನ್ನು ಎಚ್ಚರಿಸಿತು. ಅಲ್ಲಿ ಯಾವ ನೌಕರ ಯಾವ ಪ್ರಜೆಯ ಕಾಗದವನ್ನು ತೆರೆದು ನೋಡಿದರೂ ಅದರ ಗುರುತು ಉಳಿಯುತ್ತದೆ, ಮತ್ತು ಆ ಗುರುತನ್ನು ಪ್ರಜೆಯೇ ನೋಡಬಹುದಂತೆ. 'ನನ್ನ ಕಾಗದವನ್ನು ಇಂಥ ದಿನ ಇಂಥ ಇಲಾಖೆ ತೆರೆದಿದೆ, ಯಾಕೆ?' ಎಂದು ಕೇಳುವ ಹಕ್ಕು ಅವನಿಗಿದೆ. ಕಾರಣವಿಲ್ಲದೆ ಇಣುಕಿದವರಿಗೆ ಶಿಕ್ಷೆಯಾದದ್ದೂ ಉಂಟು. ನಮ್ಮ ದೇಶದಲ್ಲಿಯೂ ಕಂಪ್ಯೂಟರು ಬಂದಿದೆ, ಬೆರಳಚ್ಚು ಬಂದಿದೆ, ಆಧಾರ ಬಂದಿದೆ. ಆದರೆ ಇಲ್ಲಿ ಹೆಚ್ಚಾಗಿ ನೋಡುವವನು ಸರಕಾರ, ನೋಡಿಸಿಕೊಳ್ಳುವವನು ಪ್ರಜೆ. ಅಲ್ಲಿ ಕಿಂಡಿಯ ಎರಡನೆಯ ಪರದೆ ಪ್ರಜೆಯ ಮನೆಯವರೆಗೂ ಹೋಗಿದೆ.

ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲಿನಲ್ಲಿ ಇದಕ್ಕೂ ಮೊದಲೇ ಇಂಥದೊಂದು ಕೆಲಸ ನಡೆದಿತ್ತು. ಗೋ ಕುನ್ ಎಂಬವರು ಮೇಯರ್ ಆಗಿದ್ದಾಗ, 1999ರಲ್ಲಿ, ಮನೆ ಕಟ್ಟುವ ಪರವಾನಗಿಯಂಥ ಅರ್ಜಿಗಳು ಯಾವ ಮೇಜಿನ ಮೇಲೆ ಎಷ್ಟು ದಿನದಿಂದ ಕುಳಿತಿವೆ ಎಂಬುದನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೋರಿಸಿದರು. ಅಷ್ಟರಿಂದಲೇ ತೃಪ್ತರಾಗದೆ, ಕಚೇರಿಗೆ ಬಂದು ಹೋದ ಜನರಿಗೆ ಅಂಚೆ ಕಾರ್ಡು ಕಳಿಸಿ 'ನಿಮ್ಮಿಂದ ಯಾರಾದರೂ ಏನಾದರೂ ಕೇಳಿದರೇ?' ಎಂದು ವಿಚಾರಿಸಿದರು. ಯಂತ್ರದ ಜೊತೆಗೆ ಒಂದು ಕಾರ್ಡು! ಇದು ನನಗೆ ಬಹಳ ಬುದ್ಧಿವಂತಿಕೆಯ ಕೆಲಸವೆಂದು ತೋರುತ್ತದೆ. ಮುಂದೆ ಇದರ ಮಾತು ಮತ್ತೆ ಬರುತ್ತದೆ.

ಸಂಜೆ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ ನಾವು ನಾಲ್ಕು ಜನ ನಿವೃತ್ತರು ಕೂಡುವ ವಾಡಿಕೆ. ಇದನ್ನೆಲ್ಲ ಹೇಳಿದಾಗ ಬ್ಯಾಂಕಿನಲ್ಲಿದ್ದ ಗೆಳೆಯರೊಬ್ಬರು ಒಂದು ಆಕ್ಷೇಪ ತೆಗೆದರು. "ಕೀಲಿ ಹಾಕಿದ ಮನ್ಯಾಗ ಕಳವು ಮಾಡಲಾರದವನಿಗೆ ಸಜ್ಜನ ಅಂತೀರೇನ್ರಿ ಮಾಸ್ತರ? ಯಂತ್ರ ಕೈ ಹಿಡಿದದ್ದಕ್ಕ ಲಂಚ ತಗೊಳ್ಳಿಲ್ಲ ಅಂದ್ರ ಅದು ಶೀಲ ಅಲ್ಲ, ಲಕ್ವಾ." ಈ ಕೆರೆಯನ್ನು ಕಟ್ಟಿಸಿದ ಸಿದ್ಧರಾಮನನ್ನೂ ಅವರು ಎಳೆದು ತಂದರು. ಕಾಯಕ ಎಂಬುದು ಒಳಗಿನಿಂದ ಬರಬೇಕು, ಕಾವಲಿನಿಂದ ಬರುವುದಲ್ಲ ಎಂಬುದು ಅವರ ವಾದ.

ಮಾತು ಚೆನ್ನಾಗಿದೆ. ಆದರೆ ನಾನು ಒಪ್ಪಲಿಲ್ಲ, ಇವತ್ತಿಗೂ ಪೂರ್ತಿ ಒಪ್ಪಲಾರೆ. ಕಿಂಡಿಯ ಆಚೆ ಕುಳಿತವನ ಆತ್ಮ ಉದ್ಧಾರವಾಗಲಿ ಎಂದು ರೈತ ಅಲ್ಲಿಗೆ ಹೋಗುವುದಿಲ್ಲ. ಉತಾರ ಬೇಕೆಂದು ಹೋಗುತ್ತಾನೆ. ನೌಕರನ ಶೀಲ ಅವನ ಸ್ವಂತದ್ದು, ರೈತನ ಇನ್ನೂರು ರೂಪಾಯಿ ರೈತನದ್ದು. ಎರಡನೆಯದನ್ನು ಉಳಿಸಲು ಯಂತ್ರ ಸಾಕಾದರೆ ಸಾಕಲ್ಲವೇ? ಬಡವನೊಬ್ಬನಿಗೆ ಆಗುವ ಅನ್ಯಾಯವನ್ನು, ಇನ್ನೊಬ್ಬನ ಸದ್ಗುಣ ಬೆಳೆಯುವವರೆಗೆ ತಡೆದುಕೋ ಎನ್ನುವುದು ನೀತಿಯೇ ಅಲ್ಲ.

ಯಂತ್ರ ಎಲ್ಲವನ್ನೂ ಮಾಡುತ್ತದೆಂದು ನಾನು ಹೇಳುವುದಿಲ್ಲ. ಅದೇ ಎಸ್ಟೋನಿಯಾದಲ್ಲಿ 2021ರ ಜನವರಿಯಲ್ಲಿ ಪ್ರಧಾನಿ ಯೂರಿ ರಟಾಸ್ ತಮ್ಮ ಪಕ್ಷದ ಮೇಲೆ ಭ್ರಷ್ಟಾಚಾರದ ಆರೋಪ ಬಂದಾಗ ರಾಜೀನಾಮೆ ಕೊಟ್ಟರು. ಅಲ್ಲಿದ್ದ ಡೆನ್ಮಾರ್ಕಿನ ಬ್ಯಾಂಕೊಂದರ ಶಾಖೆಯ ಮೂಲಕ ಸಂಶಯದ ಹಣ ರಾಶಿ ರಾಶಿಯಾಗಿ ಹರಿದುಹೋದದ್ದು ಜಗತ್ತಿಗೇ ಗೊತ್ತು. ದೊಡ್ಡ ಮೀನು ಬೇರೆ ನೀರಿನಲ್ಲಿ ಈಜುತ್ತದೆ. ಆದರೂ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಶನಲ್ ಸಂಸ್ಥೆಯ 2024ರ ಪಟ್ಟಿಯಲ್ಲಿ ಆ ದೇಶದ ಸ್ಥಾನ 13, ನಮ್ಮದು 96. ಕಿಂಡಿಯಲ್ಲಿ ನಿಂತ ಸಾಮಾನ್ಯ ಮನುಷ್ಯನ ಮಟ್ಟಿಗೆ ಅವರು ಗೆದ್ದಿದ್ದಾರೆ ಎನ್ನಲು ಅಡ್ಡಿಯಿಲ್ಲ.

ಇಲ್ಲಿಯವರೆಗೆ ಬರೆದದ್ದು ಕೆರೆಯ ದಂಡೆಯಲ್ಲಿ ಹೇಳಬಹುದಾದದ್ದು. ಇನ್ನು ಅಲ್ಲಿ ಹೇಳದೆ ಉಳಿದದ್ದನ್ನು ಹೇಳಬೇಕು.

2021ರಲ್ಲಿ ನಮ್ಮ ಕಾಕಾ ತೀರಿಕೊಂಡರು. ಚಿಗವ್ವ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹಿರಿಯವನು, ಎಂದರೆ ನನ್ನ ತಮ್ಮನ ಸಮಾನನಾದವನು, ಹೊಲ ನೋಡಿಕೊಳ್ಳುತ್ತಾನೆ. ಕಿರಿಯ ಮಗಳು ಗಂಡ ಬಿಟ್ಟವಳು. ಸೊಲ್ಲಾಪುರದಲ್ಲಿ ಬೀಡಿ ಕಟ್ಟಿ ಮಗಳನ್ನು ಓದಿಸುತ್ತಾಳೆ. ಮರುವರ್ಷ ಸಂಕ್ರಾಂತಿಯ ಹೊತ್ತಿಗೆ ವಾರಸಾದ ಫೇರಫಾರ ಆಯಿತು. ಅರ್ಜಿ ಕೊಟ್ಟವನು ಹಿರಿಯ ಮಗ. ಸೂಚನೆ ಪರದೆಯ ಚಾವಡಿಯಲ್ಲಿ ಬಂತು. ಚಿಗವ್ವನ ಮನೆಗೂ ಒಂದು ಕಾಗದ ಬಂತು. ಚಿಗವ್ವ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಓದಿದವಳು. ಮರಾಠಿ ಮಾತಾಡಿದರೆ ಅಷ್ಟಿಷ್ಟು ತಿಳಿಯುತ್ತದೆ, ಓದಲು ಬಾರದು. ಅವಳು ಆ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ನನ್ನ ಮನೆಗೆ ಬಂದಳು. ಊರಲ್ಲಿ ಕಂಪ್ಯೂಟರಿಟ್ಟುಕೊಂಡ ಹುಡುಗರಿದ್ದಾರೆ. ಹದಿನೈದು ರೂಪಾಯಿಯ ಕಾಗದಕ್ಕೆ ನೂರು ಇನ್ನೂರು ತೆಗೆದುಕೊಂಡು ಓದಿ ಹೇಳುತ್ತಾರೆ. ಅವರ ಮೇಲೆ ಅವಳಿಗೆ ನಂಬಿಕೆಯಿಲ್ಲ. ಲಂಚ ಕೊಡದ ಮಾಸ್ತರನ ಮೇಲೆ ಇತ್ತು.

ಹಿಂದಿನ ಸಂಜೆ ಹಿರಿಯ ಮಗ ನನ್ನಲ್ಲಿಗೆ ಬಂದು ಹೋಗಿದ್ದ. ಪ್ರತಿ ವರ್ಷದಂತೆ ಒಂದು ಚೀಲ ಜೋಳ ತಂದಿದ್ದ. ಕಾಕಾ ಇದ್ದಾಗಿನಿಂದ ಬಂದ ರೂಢಿ ಅದು; ಅದಕ್ಕೆ ಬೇರೆ ಅರ್ಥ ಹಚ್ಚಲು ನನಗೆ ತೋಚಲೇ ಇಲ್ಲ, ಅಥವಾ ತೋಚದಂತೆ ನೋಡಿಕೊಂಡೆ. ಹೋಗುವಾಗ "ಅವ್ವ ಕಾಗದ ತೊಗೊಂಡು ಬಂದ್ರ ಗಾಬರಿ ಮಾಡಬ್ಯಾಡ ಅಣ್ಣಾ. ತಂಗೇರಿಗೆ ಮದವ್ಯಾಗ ಬಂಗಾರ ಹಾಕೇವಿ" ಎಂದ. ಓದಬೇಡ ಎನ್ನಲಿಲ್ಲ. ಸುಳ್ಳು ಹೇಳು ಎನ್ನಲಿಲ್ಲ.

ನಾನು ಕಾಗದ ಬಿಡಿಸಿದೆ. ವಾರಸುದಾರರೆಂದು ಮೂರು ಹೆಸರಿದ್ದುವು: ಚಿಗವ್ವ, ಇಬ್ಬರು ಗಂಡುಮಕ್ಕಳು. ಹೆಣ್ಣುಮಕ್ಕಳ ಹೆಸರಿರಲಿಲ್ಲ. ತಕರಾರಿದ್ದರೆ ಹದಿನೈದು ದಿನಗಳೊಳಗೆ ತಿಳಿಸಬೇಕೆಂಬ ಸಾಲು ಕೆಳಗಿತ್ತು. ಹೆಣ್ಣುಮಕ್ಕಳಿಗೂ ಹಿರಿಯರ ಆಸ್ತಿಯಲ್ಲಿ ಸಮಪಾಲು ಎಂದು 2005ರಲ್ಲಿಯೇ ಕಾನೂನು ತಿದ್ದಿದ್ದಾರೆ ಎಂಬುದು ನನಗೆ ಗೊತ್ತಿತ್ತು.

"ಏನಂತ?" ಎಂದಳು ಚಿಗವ್ವ.

"ಏನಿಲ್ಲ. ಕಾಕಾನ ಹೆಸರು ತಗದು ನಿನ್ನ ಹೆಸರು ಹಾಕ್ಯಾರ. ಬರೇ ತಿಳುವಳಿಕಿ ಪತ್ರ."

ಹೇಳಿದ್ದರಲ್ಲಿ ಸುಳ್ಳಿಲ್ಲ. ಅವಳ ಹೆಸರು ಹಾಕಿದ್ದರು. ಅದು ತಿಳುವಳಿಕೆಯ ಪತ್ರವೇ ಆಗಿತ್ತು. ಚಿಗವ್ವ ಚಹ ಕುಡಿದು, ನೆಮ್ಮದಿಯಿಂದ ಐದರ ಬಸ್ಸಿಗೆ ಹೋದಳು. ಹದಿನೈದು ದಿನ ಕಳೆಯಿತು. ಯಾವ ಕಚೇರಿಯಲ್ಲಿಯೂ ಯಾರೂ ಒಂದು ಪೈಸೆ ತೆಗೆದುಕೊಂಡಿರಲಿಲ್ಲ. ಕೊರಿಯಾದವರು ಬಂದು ನೋಡಿದ್ದರೂ, ಎಸ್ಟೋನಿಯಾದವರು ಬಂದು ನೋಡಿದ್ದರೂ ಆ ಫೇರಫಾರದಲ್ಲಿ ಲಂಚದ ಕಲೆ ಕಾಣುತ್ತಿರಲಿಲ್ಲ. ಕಲೆ ಇದ್ದದ್ದು ನನ್ನ ಮನೆಯ ಮೂಲೆಯ ಚೀಲದಲ್ಲಿ. ಆ ಜೋಳದ ರೊಟ್ಟಿಯನ್ನು ನಾವು ಮೂರು ತಿಂಗಳು ತಿಂದೆವು.

ಎರಡು ವರ್ಷದ ಮೇಲೆ ರಸ್ತೆಗೆ ಹತ್ತಿದ ಎರಡೆಕರೆ ಮಾರುವ ಮಾತು ಬಂದಾಗ ಕಿರಿಯ ಮಗಳಿಗೆ ಸಂಗತಿ ತಿಳಿಯಿತು. ಅವಳು ಓಡಿ ಬಂದದ್ದೂ ನನ್ನಲ್ಲಿಗೇ. "ಅಣ್ಣಾ, ಇದು ಹೆಂಗಾತು? ಅವ್ವಗ ಯಾರೋ ಸರಿಯಾಗಿ ಓದಿ ಹೇಳಿಲ್ಲ" ಎಂದಳು. ಆ 'ಯಾರೋ' ಎಂಬ ಮಾತನ್ನು ನಾನು ಅಲ್ಲಿಯೇ ತಿದ್ದಲಿಲ್ಲ.

ಅಂದಿನಿಂದ ನಾನು ಗೆಳೆಯರ ಪ್ರಶ್ನೆಯನ್ನು ಬೇರೆಯಾಗಿ ನೋಡತೊಡಗಿದ್ದೇನೆ. ಕೀಲಿ ಹಾಕಿದ ಮನೆಯ ಮಾತು ನೌಕರನಿಗೆ ಸಂಬಂಧಿಸಿದ್ದು ಎಂದು ತಿಳಿದಿದ್ದೆ. 1994ರಲ್ಲಿ ನಾನು ಲಂಚ ಕೊಡಲಿಲ್ಲ, ನಿಜ. ಲಂಚ ತೆಗೆದುಕೊಳ್ಳುವ ಜಾಗದಲ್ಲಿ ನನ್ನನ್ನು ಆಗ ಯಾರೂ ಕೂಡಿಸಿರಲಿಲ್ಲ. ಚಿಗವ್ವ ಕಾಗದ ಹಿಡಿದು ಬಂದ ದಿನ ಕೂಡಿಸಿದಳು. ಭಾಷೆ ಬಾರದವರ ನಡುವೆ ಭಾಷೆ ಬಲ್ಲವನು ಒಂದು ಹುದ್ದೆಯಲ್ಲಿದ್ದಾನೆ. ಅದಕ್ಕೆ ಸಂಬಳವಿಲ್ಲ, ನೇಮಕದ ಆದೇಶವಿಲ್ಲ, ಆದ್ದರಿಂದಲೇ ಅದು ಹುದ್ದೆಯೆಂದು ಅವನಿಗೆ ಅನಿಸುವುದಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾನೆ. ಉಪಕಾರದಲ್ಲಿ ಅರ್ಧ ಮಾಡಿದರೂ ಉಪಕಾರವೇ. ಓದಿ ಹೇಳುವುದರಲ್ಲಿ ಅರ್ಧ ಎಂದರೆ ಏನು ಎಂಬುದನ್ನು ಮೇಲೆ ಬರೆದಿದ್ದೇನೆ.

ಕಾನೂನು ನನ್ನನ್ನು ಮುಟ್ಟಲಾರದು. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯದೆಯನ್ನು ತಿದ್ದಿ ಲಂಚ ಕೊಡುವವನನ್ನೂ ಅಪರಾಧಿ ಮಾಡಿದ್ದಾರೆ. ಬಲವಂತದಿಂದ ಕೊಟ್ಟವನು 7 ದಿನಗಳಲ್ಲಿ ದೂರು ಕೊಟ್ಟರೆ ಬಚಾವು. ಮಹಾರಾಷ್ಟ್ರದಲ್ಲಿ 1064ಕ್ಕೆ ಫೋನು ಮಾಡಬಹುದು. ಬೆಂಗಳೂರಿನ ಜನಾಗ್ರಹ ಸಂಸ್ಥೆ 2010ರಲ್ಲಿ 'ನಾನು ಲಂಚ ಕೊಟ್ಟೆ' ಎಂಬ ಅರ್ಥದ ಹೆಸರಿನ ಜಾಲತಾಣ ತೆರೆದು, ಕೊಟ್ಟವರು ಬಂದು ಬರೆಯಿರಿ ಎಂದಿತು. ಸಾವಿರಾರು ಜನ ಬರೆದರು. ಇವೆಲ್ಲವೂ ಸರಕಾರಿ ನೌಕರನ ಸುತ್ತ ಹಾಕಿದ ಬೇಲಿ. ಒಂದು ಚೀಲ ಜೋಳಕ್ಕೆ ಎರಡು ಸಾಲು ನುಂಗಿದ ಚಿಕ್ಕಪ್ಪನ ಮಗನಿಗೆ ಯಾವ ಬೇಲಿಯೂ ಇಲ್ಲ.

ಎಸ್ಟೋನಿಯಾದಲ್ಲಿ ನನ್ನಂಥವರು ಇಲ್ಲವೇ ಎಂದು ಮೊಮ್ಮಗನನ್ನು ಕೇಳಿದೆ. ಯಾಕೆ ಕೇಳಿದೆನೆಂದು ಹೇಳಲಿಲ್ಲ. ಆಗ ತಿಳಿದದ್ದು, ಅಲ್ಲಿಯೂ ನಾಲ್ಕರಲ್ಲಿ ಒಬ್ಬರ ಮನೆಮಾತು ರಷ್ಯನ್ ಎಂಬುದು. ಲಿಪಿಯೂ ಬೇರೆ. 1991ರ ನಂತರ ಅವರಲ್ಲಿ ಅನೇಕರಿಗೆ ಪೌರತ್ವವೇ ಸಿಗದೆ ಬೂದು ಬಣ್ಣದ ಪಾಸ್‌ಪೋರ್ಟು ಹಿಡಿದು ಬದುಕಬೇಕಾಯಿತು. 2024ರಿಂದ ಅವರ ಶಾಲೆಗಳನ್ನು ಹಂತಹಂತವಾಗಿ ಎಸ್ಟೋನಿಯನ್ ಮಾಧ್ಯಮಕ್ಕೆ ತಿರುಗಿಸುತ್ತಿದ್ದಾರೆ. ಈ ವಿಷಯದಲ್ಲಿ ಅವರಿಂದ ಕಲಿಯುವುದು ಬೇಡ. ಕನ್ನಡ ಶಾಲೆಯ ಹಾಜರಿ ಪುಸ್ತಕ ವರ್ಷ ವರ್ಷಕ್ಕೆ ತೆಳ್ಳಗಾಗುವುದನ್ನು ಅಕ್ಕಲಕೋಟೆಯಲ್ಲಿ ನಾನೇ ಕಂಡವನು. ಆದರೂ ಅದೇ ಸರಕಾರ ತನ್ನ ಜಾಲತಾಣವನ್ನು ರಷ್ಯನ್ನಿನಲ್ಲಿಯೂ ಕೊಟ್ಟಿತು. ಪೌರತ್ವ ಕೊಡಲು ಹಿಂಜರಿದವರೂ ಕಾಗದವನ್ನು ಅವರ ಭಾಷೆಯಲ್ಲಿ ತೋರಿಸಲು ಹಿಂಜರಿಯಲಿಲ್ಲ.

ನಮ್ಮಲ್ಲಿ ಪೌರತ್ವಕ್ಕೆ ಕೊರತೆಯಿಲ್ಲ. ಸಂವಿಧಾನದ 350ನೆಯ ವಿಧಿ ಇದೆ, ಭಾಷಾ ಅಲ್ಪಸಂಖ್ಯಾತರ ಆಯುಕ್ತರೆಂಬ ಅಧಿಕಾರಿ ಇದ್ದಾರೆ. ಅಲ್ಪಸಂಖ್ಯಾತರು ಶೇಕಡ 15ರಿಂದ 20ರಷ್ಟಿರುವ ಕಡೆ ಮುಖ್ಯ ಸೂಚನೆಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕೆಂದು 1956ರಲ್ಲಿಯೇ ಕೇಂದ್ರ ಸರಕಾರ ಹೇಳಿದೆ. ನಿಮ್ಮ ಕೇರಳದ 1969ರ ಅಧಿಕೃತ ಭಾಷಾ ಕಾಯದೆಯಲ್ಲಿ ಕನ್ನಡಿಗರಿಗೆ ಕನ್ನಡದಲ್ಲಿ ಪತ್ರವ್ಯವಹಾರದ ಅವಕಾಶವಿದೆ. ಇವುಗಳನ್ನು ನಾವು ಸಾಮಾನ್ಯವಾಗಿ ಭಾಷಾಭಿಮಾನದ ಪಟ್ಟಿಯಲ್ಲಿ ಸೇರಿಸಿ ಸಮ್ಮೇಳನದ ಠರಾವಿನಲ್ಲಿ ಓದಿ ಮುಗಿಸುತ್ತೇವೆ. ನಾನೂ ಅಂಥ ಠರಾವುಗಳಿಗೆ ಕೈ ಎತ್ತಿದ್ದೇನೆ. ಅವು ಲಂಚ ತಡೆಯುವ ಕಾನೂನುಗಳೂ ಹೌದು ಎಂದು ನನಗೆ ಹೊಳೆದದ್ದು ಈಗ. ಆ ಕಾಗದ ಕನ್ನಡದಲ್ಲಿ ಬಂದಿದ್ದರೆ ಚಿಗವ್ವ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಅರ್ಧ ತಾಸು ತೆಗೆದುಕೊಂಡಾದರೂ ತಾನೇ ಓದುತ್ತಿದ್ದಳು. ನನ್ನ ಹುದ್ದೆಯೇ ಇರುತ್ತಿರಲಿಲ್ಲ.

2024ರ ಅಕ್ಟೋಬರಿನಲ್ಲಿ ಕೇರಳ ಸರಕಾರ 'ಎನ್ಡೆ ಭೂಮಿ' ಎಂಬ ಏರ್ಪಾಡನ್ನು ಪ್ರಾರಂಭಿಸಿದ್ದು ನಿಮ್ಮ ಜಿಲ್ಲೆಯ ಉಜಾರು ಉಳುವಾರು ಗ್ರಾಮದಿಂದ ಎಂದು ಓದಿ ಸಂತೋಷವಾಯಿತು. ನೋಂದಣಿ, ಕಂದಾಯ, ಅಳತೆ ಮೂರೂ ಇಲಾಖೆಗಳನ್ನು ಅದು ಒಂದೇ ಕಡೆ ಕೂಡಿಸುತ್ತದೆ. ಅಲ್ಲಿಂದ ಬರುವ ಕಾಗದವನ್ನು ನಿಮ್ಮ ಮನೆಯ ಅಜ್ಜಿಗೆ ಯಾರು ಓದಿ ಹೇಳುತ್ತಾರೆ? ಕೇಳಲು ನನಗೆ ಅಧಿಕಾರವಿಲ್ಲ. ಆದರೆ ಸಿಯೋಲಿನ ಮೇಯರರ ಕಾರ್ಡು ಈಗ ನನ್ನ ಕಣ್ಣ ಮುಂದೆ ಬರುತ್ತದೆ. 'ನಿಮ್ಮ ಕಾಗದವನ್ನು ಓದಿದವನು ಪೂರ್ತಿ ಓದಿದನೇ?' ಎಂದು ಯಾರಾದರೂ ಚಿಗವ್ವನಿಗೆ ಒಂದು ಕಾರ್ಡು ಹಾಕಿದ್ದರೆ ಅದನ್ನೂ ಅವಳು ಓದಿಸಲು ನನ್ನ ಹತ್ತಿರವೇ ತರುತ್ತಿದ್ದಳೇನೋ.

ಪ್ರಾಂತಾಧಿಕಾರಿಗಳಲ್ಲಿ ಅಪೀಲು ಹಾಕಿದ್ದೇವೆ. ಅವಧಿ ಮೀರಿದ್ದಕ್ಕೆ ಕಾರಣ ಕೊಡಬೇಕಿತ್ತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ ಎಂದೆ. ವಕೀಲರು ಬೇಡ ಎಂದರು. "ಅರ್ಜದಾರರ ತಾಯಿಗೆ ಮರಾಠಿ ಓದಲು ಬಾರದು, ಅದಕ್ಕಾಗಿ ತಡವಾಯಿತು ಎಂದರೆ ಸಾಕು ಮಾಸ್ತರ. ನಿಮ್ಮ ಮಾತು ಸೇರಿಸಿದರೆ ಆ ಕಡೆಯವರು ತಿಳಿದೂ ಸುಮ್ಮನಿದ್ದರು ಎನ್ನುತ್ತಾರೆ." ಅವರು ಹೇಳಿದ್ದು ಕಿರಿಯ ತಂಗಿಯ ಹಿತಕ್ಕೆ ಸರಿಯೇ. ಹಾಗೆಯೇ ಬರೆದೆವು. ಅದರಲ್ಲಿಯೂ ಸುಳ್ಳಿಲ್ಲ; ಅದೂ ಅರ್ಧವೇ. ಉಳಿದ ಅರ್ಧವನ್ನು ಇಲ್ಲಿ, ಊರಿನಿಂದ ದೂರದ ಈ ವಾರ್ಷಿಕದಲ್ಲಿ ಬರೆಯುತ್ತಿದ್ದೇನೆ. ಹತ್ತಿರದ ಪತ್ರಿಕೆಯೊಂದಕ್ಕೆ ಬರೆಯುವ ಧೈರ್ಯ ನನಗೆ ಬರಲಿಲ್ಲ.

ಚಿಗವ್ವನಿಗೆ ಮಾತ್ರ ಬಾಯಿಂದ ಹೇಳಿದೆ. ಕಳೆದ ಶ್ರಾವಣದಲ್ಲಿ ಹೋಗಿ, ಜೋಳದ ಚೀಲದಿಂದ ಹಿಡಿದು ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಊಟಾ ಮಾಡಿ ಹೋಗು" ಎಂದಳು. ಹಿರಿಯ ಮಗ ಆ ದಿನದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಜೋಳವೂ ನಿಂತಿದೆ.

ಹೋದ ತಿಂಗಳು ಅಪೀಲಿನ ವಿಚಾರಣೆಯ ತಾರೀಖು ಮುಂದೆ ಹೋದ ಬಗ್ಗೆ ಒಂದು ಕಾಗದ ಬಂತು. ಚಿಗವ್ವ ಕಿರಿಯ ಮಗಳ ಮನೆಗೆ, ಸೊಲ್ಲಾಪುರಕ್ಕೆ, ಬಂದಿದ್ದಳು. ನನಗೆ ಹೇಳಿ ಕಳಿಸಿದಳು. ಕಾಗದ ತೆಗೆದುಕೊಂಡು ಮೇಲಿನ ನಂಬರಿನಿಂದ ಕೆಳಗಿನ ಸಹಿಯವರೆಗೆ ಒಂದೂ ಬಿಡದೆ ಕನ್ನಡದಲ್ಲಿ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮೊಮ್ಮಗಳಿಗೆ ಕೊಟ್ಟಳು. ಹುಡುಗಿ ಮರಾಠಿ ಶಾಲೆಯ ಎಂಟನೆಯ ಇಯತ್ತೆ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. "ನೀ ಓದು" ಎಂದಳು. ಹುಡುಗಿ ಮರಾಠಿಯಲ್ಲಿ ಗಟ್ಟಿಯಾಗಿ ಓದಿದಳು. ಚಿಗವ್ವನಿಗೆ ಅದರಲ್ಲಿ ಬಹಳಷ್ಟು ತಿಳಿದಿರಲಾರದು. ಆದರೂ ಕೊನೆಯವರೆಗೆ ಕೇಳಿ, ನನ್ನ ಕಡೆ ತಿರುಗಿ ಹೇಳಿದಳು:

"ಆಕೀದೂ ಇಷ್ಟ ಹೊತ್ತು ಹಿಡೀತು."